ಡಾಕ್ಟರಮ್ಮನ ಕಾಲುಮಣೆ

ಗಂಡ ಸಿಗರೇಟು ಬಿಟ್ಟರೆ ಹೆಂಡತಿಗೆ ಸಂತೋಷವಾಗಬೇಕು. ಸೂಜಿಯಮ್ಮನಿಗೆ ಹೊಟ್ಟೆ ಉರಿಯಿತು. ಕೇಳಿದವರು ನಗಬಹುದು, ನಗಲಿ. ತಾನು ಇಪ್ಪತ್ತೆರಡು ವರ್ಷ ಬಾಯಿ ಬಡಿದುಕೊಂಡರೂ ಆಗದ ಕೆಲಸವನ್ನು ಇನ್ನೊಬ್ಬಳು ಐದೇ ನಿಮಿಷದಲ್ಲಿ ಮಾಡಿ ಮುಗಿಸಿದರೆ ಯಾರ ಹೊಟ್ಟೆ ತಾನೇ ತಣ್ಣಗಿರುತ್ತದೆ?

ಸೂಜಿಯಮ್ಮ ಅಂದರೆ ಗಿರಾಕಿಗಳು ಇಟ್ಟ ಹೆಸರು. ಕೈಯಲ್ಲಿ ಸದಾ ಸೂಜಿ ಇರುವುದಕ್ಕೆ ಅರ್ಧ, ನಾಲಿಗೆಗೆ ಇನ್ನರ್ಧ. ಅವಳ ಗಂಡ ಸೋಫಾ ಮೇಸ್ತ್ರಿ. ಮುರಿದ ಸೋಫಾ, ಕುಸಿದ ಕುರ್ಚಿ, ಸ್ಪ್ರಿಂಗು ಹೊರಗೆ ಇಣುಕುವ ದಿವಾನ ಎಲ್ಲವೂ ಅವರ ಅಂಗಡಿಗೆ ಬರುತ್ತಿದ್ದವು. ಚೌಕಟ್ಟು, ಸ್ಪ್ರಿಂಗು, ಮೊಳೆ ಅವನದು. ಅಳತೆ, ಬಟ್ಟೆ, ಹೊಲಿಗೆ ಅವಳದು. ಅಂಗಡಿಯ ತುಂಬ ಫೋಮು, ಹತ್ತಿ, ಗೋಂದಿನ ಡಬ್ಬ; ಬೆಂಕಿಕಡ್ಡಿ ತೋರಿಸಿದರೆ ಸಾಕು, ಎಲ್ಲ ಬೂದಿ. ಆದ್ದರಿಂದ ಮೇಸ್ತ್ರಿ ಸೇದುವುದಕ್ಕೆ ಹಿಂದಿನ ಮೂರು ಮೆಟ್ಟಿಲಿಗೆ ಹೋಗುತ್ತಿದ್ದ. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಅವನ ಬೆನ್ನಿನ ಅಚ್ಚು ಆ ಮೆಟ್ಟಿಲ ಗೋಡೆಯ ಮೇಲೆ ಜಿಡ್ಡಾಗಿ ಮೂಡಿತ್ತು.

ಅವಳು ಮಾಡದ ಪ್ರಯತ್ನವಿಲ್ಲ. ಅತ್ತಳು. ಪ್ಯಾಕನ್ನು ಬಕೆಟ್ಟಿನ ನೀರಿಗೆ ಅದ್ದಿದಳು. ಒಮ್ಮೆ ಹನ್ನೊಂದು ದಿನ ಮಾತು ಬಿಟ್ಟಳು. ಮೇಸ್ತ್ರಿಗೆ ಅದು ಗಮನಕ್ಕೆ ಬಂದದ್ದು ಒಂಬತ್ತನೇ ದಿನ. ಎಲ್ಲವೂ ಕೋಣನ ಮುಂದೆ ಕಿನ್ನರಿ. ಹನ್ನೆರಡು ವರ್ಷದ ಹಿಂದೆ ಒಂದು ಸಲ ಮಾತ್ರ ಹತ್ತೊಂಬತ್ತು ದಿನ ಬಿಟ್ಟಿದ್ದ. ಆ ಮಾತನ್ನು ಮನೆಯಲ್ಲಿ ಇಬ್ಬರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಅವನ ಬೆನ್ನು ಕೈಕೊಟ್ಟಿತು. ಮೂವರು ಕೂರುವ ಸೋಫಾ ಎತ್ತಿದ ದಿನ ಸೊಂಟದಲ್ಲಿ ಚಳುಕು ಹಿಡಿಯಿತು. ಆಮೇಲೆ ಎಡಗಾಲು ಜೋಮು. ಕೊನೆಗೆ ಪಾದವೇ ಮೇಲೇಳದೆ ನೆಲಕ್ಕೆ ತಾಗತೊಡಗಿತು. ನಡೆಯುವಾಗ ಎಡಗಾಲಿನ ಚಪ್ಪಲಿ ಕಳಚಿಕೊಂಡರೂ ಅವನಿಗೆ ತಿಳಿಯುತ್ತಿರಲಿಲ್ಲ. ಅಂಗಡಿಯ ಈ ತುದಿಯಲ್ಲಿ ಚಪ್ಪಲಿ, ಆ ತುದಿಯಲ್ಲಿ ಮೇಸ್ತ್ರಿ. ಅವಳು ಹೆತ್ತ ಮಗುವಿನದೇನೋ ಎಂಬಂತೆ ಅದನ್ನು ಎತ್ತಿಕೊಂಡು ಹಿಂದೆ ಹಿಂದೆ ಹೋಗುತ್ತಿದ್ದಳು.

ಬೆನ್ನಿನ ಆಪರೇಷನ್ ಮಾಡುವ ಡಾಕ್ಟರ ಬಳಿಗೆ ಅವನೊಬ್ಬನೇ ಹೋದ. ಆ ದಿನ ಅವಳಿಗೆ ಕೊಡಲೇಬೇಕಾದ ಹನ್ನೆರಡು ಕುಶನ್ನಿನ ಕವರು ಬಾಕಿ ಇತ್ತು. ತಿರುಗಿ ಬಂದವನೇ ಜೇಬಿನ ಪ್ಯಾಕನ್ನು ತೆಗೆದು ಚಿಂದಿಬಟ್ಟೆಯ ಡಬ್ಬಕ್ಕೆ ಹಾಕಿ, "ಬಿಟ್ಟೆ ಕಣೇ," ಅಂದ.

"ಏನನ್ನ?"

"ಸಿಗರೇಟನ್ನ. ಡಾಕ್ಟರಮ್ಮ ಹೇಳಿದ್ರು. ಆರು ವಾರ ಸೇದದೆ ಇದ್ರೆ ಆಪರೇಷನ್ ಮಾಡ್ತಾರಂತೆ. ಇಲ್ಲಾಂದ್ರೆ ಮುಟ್ಟೋದಿಲ್ವಂತೆ."

"ಆ ಹೆದರಿಕೆ ನಾನೂ ಎಷ್ಟು ಹಾಕಿಲ್ಲ!"

"ಹೆದರಿಸಲಿಲ್ಲ ಕಣೇ. ನನ್ನ ಕೆಲಸ ಏನು ಅಂತ ಕೇಳಿದ್ರು. ಆಮೇಲೆ ಅಂದ್ರು, 'ಮೇಸ್ತ್ರಿ, ನಿಮ್ಮ ಎರಡು ಮೂಳೇನ ನಾನು ಸೇರಿಸಿ ಕಟ್ತೀನಿ. ಕಟ್ಟೋದು ನನ್ನ ಕೈ, ಅಂಟೋದು ನಿಮ್ಮ ಮೈ. ಹೊಗೆ ಸೇದೋರ ಮೂಳೆ ಸರಿಯಾಗಿ ಅಂಟೋದಿಲ್ಲ. ಗೋಂದು ಒಣಗೋ ಮೊದಲೇ ಆ ಸೋಫಾ ಮೇಲೆ ಯಾರನ್ನಾದ್ರೂ ಕೂರಿಸ್ತೀರಾ ನೀವು?' ಅಂತ. ನಾನು ಯಾವತ್ತಾದ್ರೂ ಕೂರಿಸಿದ್ದೀನಾ, ನೀನೇ ಹೇಳು?"

ಸೂಜಿಯಮ್ಮ ಯಂತ್ರದ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದಳು. ಗೋಂದು! ಇಪ್ಪತ್ತೆರಡು ವರ್ಷ ಅದೇ ಗೋಂದಿನ ವಾಸನೆ ಕುಡಿದು ಬದುಕಿದವಳು ತಾನು. ಆ ಮಾತು ತನ್ನ ಬಾಯಿಗೆ ಯಾಕೆ ಬರಲಿಲ್ಲ? ಎದೆಯಲ್ಲಿ ಮೊದಲ ಕಿಡಿ ಬಿದ್ದದ್ದು ಆಗಲೇ.

ಡಾಕ್ಟರಮ್ಮ ಒಂದು ರಟ್ಟಿನ ಕಾರ್ಡು ಕೊಟ್ಟಿದ್ದಳು. ಅದರಲ್ಲಿ ನಲವತ್ತೆರಡು ಮನೆ. ಸೇದದೆ ಕಳೆದ ದಿನಕ್ಕೊಂದು ಗೀಟು. ಗುರುವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಒಂದು ಪುಟ್ಟ ಯಂತ್ರಕ್ಕೆ ಉಸಿರು ಊದಬೇಕು. ಸೇದಿದ್ದರೆ ಅಂಕಿ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಅಂಕಿ ಸರಿಯಿದ್ದರೆ ಆಕೆಯೇ ಕಾರ್ಡಿನ ಮೇಲೆ ಸಹಿ ಹಾಕುತ್ತಾಳೆ. ಮೇಸ್ತ್ರಿ ಆ ಕಾರ್ಡನ್ನು ಕೆಲಸದ ಮೇಜಿನ ಮೇಲಿನ ಮೊಳೆಗೆ ನೇತುಹಾಕಿದ. ಆ ಮೊಳೆಯಲ್ಲಿ ಅಷ್ಟು ವರ್ಷ ಇದ್ದದ್ದು ಸೂಜಿಯಮ್ಮ ಬರೆದಿಟ್ಟ ಅಳತೆಗಳ ಚೀಟಿ. ಅದು ಬಾಗಿಲ ಹಿಂದಕ್ಕೆ ಹೋಯಿತು.

ಅಲ್ಲಿಂದ ಶುರುವಾಯಿತು ಡಾಕ್ಟರಮ್ಮನ ಪಾರಾಯಣ. ಡಾಕ್ಟರಮ್ಮ ಹೇಳಿದ್ರು, ನೀರು ಗುಟುಕು ಗುಟುಕಾಗಿ ಕುಡೀಬೇಕು. ಡಾಕ್ಟರಮ್ಮ ಹೇಳಿದ್ರು, ಸೇದೋ ಆಸೆ ಐದೇ ನಿಮಿಷ ಇರೋದು, ಅಷ್ಟು ಹೊತ್ತು ಕೈಗೆ ಕೆಲಸ ಕೊಡ್ಬೇಕು. ಒಂದು ದಿನ ಸೂಜಿಯಮ್ಮ ಬೇಕೆಂದೇ ಲೆಕ್ಕ ಇಟ್ಟಳು: ಬೆಳಗಿನಿಂದ ಸಂಜೆಯವರೆಗೆ ಹದಿನೇಳು ಸಲ 'ಡಾಕ್ಟರಮ್ಮ.' ತನ್ನ ಹೆಸರು ಹಿಡಿದು ಅವನು ಕರೆದದ್ದು ಎರಡು ಸಲ, ಎರಡೂ ಕತ್ತರಿ ಎಲ್ಲಿ ಅಂತ ಕೇಳುವುದಕ್ಕೆ. ಗುರುವಾರ ಬಂದರೆ ಇಸ್ತ್ರಿ ಅಂಗಿ. ಮದುವೆಯಾದ ಹೊಸದರಲ್ಲಿ ತನಗಾಗಿ ಒಮ್ಮೆಯಾದರೂ ಇಸ್ತ್ರಿ ಅಂಗಿ ಹಾಕಿದ್ದನೇ ಅಂತ ಅವಳು ನೆನಪು ಕೆದಕಿದಳು. ಹಾಕಿರಲಿಲ್ಲ.

ತಂಗಿಗೆ ಫೋನ್ ಮಾಡಿ ಗೋಳು ತೋಡಿಕೊಂಡಳು.

"ಅಕ್ಕಾ, ನಿನಗೇನು ತಲೆ ಕೆಟ್ಟಿದ್ಯಾ? ಭಾವ ಬಿಟ್ರಲ್ಲ, ಅಷ್ಟು ಸಾಲದಾ?"

"ಬಿಟ್ಟದ್ದಕ್ಕಲ್ಲ ಕಣೇ. ಯಾರ ಮಾತಿಗೆ ಬಿಟ್ರು ಅನ್ನೋದಕ್ಕೆ."

"ಹೇಗಿದ್ದಾಳೆ ನೋಡೋಕೆ?"

"ನನಗೇನು ಗೊತ್ತು? ನಾನು ನೋಡಿಲ್ಲ."

"ನೋಡದೇ ಇಷ್ಟು ಉರಿನಾ! ನೋಡಿದ್ರೆ ಅಂಗಡಿಗೇ ಬೆಂಕಿ ಬೀಳುತ್ತೆ, ದಯವಿಟ್ಟು ನೋಡ್ಬೇಡ," ಅಂತ ತಂಗಿ ನಕ್ಕಳು. ಸೂಜಿಯಮ್ಮ ಫೋನ್ ಇಟ್ಟುಬಿಟ್ಟಳು.

ಪ್ರತಿ ಗುರುವಾರ ಮೇಸ್ತ್ರಿ, "ಬಾರೇ ನೀನೂ," ಅನ್ನುತ್ತಿದ್ದ. ಅವಳದು ಒಂದೇ ಉತ್ತರ: "ನನಗೆ ಹೊಲಿಗೆ ಇದೆ." ಅವನು ಕುಂಟುತ್ತ ಒಬ್ಬನೇ ಹೋಗಿ, ಸಹಿ ಹಾಕಿದ ಕಾರ್ಡು ಹಿಡಿದು, ಪರೀಕ್ಷೆ ಪಾಸಾದವನ ಮುಖ ಹೊತ್ತು ಬರುತ್ತಿದ್ದ.

ಮೂರನೇ ವಾರ ಅವನು ಕೈಗೆ ಕೆಲಸ ಹಚ್ಚಿಕೊಂಡ. ಆಸೆ ಕೆರಳಿದಾಗಲೆಲ್ಲ ಎದ್ದು, ಹಳೆಯ ಸೋಫಾದ ಒಳ್ಳೆಯ ಮರದ ತುಂಡು ಆರಿಸಿ ಉಜ್ಜತೊಡಗಿದ. ಉಜ್ಜಿದ, ಕಚ್ಚು ಕೊರೆದ, ನಾಲ್ಕು ಗಿಡ್ಡ ಕಾಲು ಕೂರಿಸಿದ. ಆಕಾರ ಬರುತ್ತಿದ್ದಂತೆ ಸೂಜಿಯಮ್ಮನ ಮನಸ್ಸು ಒಳಗೊಳಗೇ ಹಿಗ್ಗಿತು. ಯಾಕೆಂದರೆ ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ ಊರಿನವರನ್ನೆಲ್ಲ ಮೆತ್ತಗೆ ಕೂರಿಸುವ ಆ ಅಂಗಡಿಯಲ್ಲಿ ಅವಳು ಕೂತು ಹೊಲಿಯುವ ಸ್ಟೂಲಿಗೆ ಮಾತ್ರ ಮೆತ್ತೆ ಇರಲಿಲ್ಲ. ಮಡಿಸಿದ ಹಳೆಯ ಕಂಬಳಿಯ ಮೇಲೆ ಕೂರುತ್ತಿದ್ದಳು. 'ಇವತ್ತು ಮಾಡ್ತೀನಿ, ನಾಳೆ ಮಾಡ್ತೀನಿ' ಅಂತ ಮೇಸ್ತ್ರಿ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ.

"ಇದು ಸ್ವಲ್ಪ ಗಿಡ್ಡ ಆಗ್ಲಿಲ್ವಾ, ನನಗೆ?" ಅಂತ ಕೇಳಿಯೇಬಿಟ್ಟಳು.

"ನಿನಗಲ್ಲ ಕಣೇ. ಡಾಕ್ಟರಮ್ಮನಿಗೆ. ಪಾಪ, ಕುಳ್ಳಗಿದ್ದಾರೆ. ಕುರ್ಚಿ ಮೇಲೆ ಕೂತ್ರೆ ಕಾಲು ನೆಲಕ್ಕೆ ಮುಟ್ಟೋದಿಲ್ಲ. ದಿನವೆಲ್ಲ ನಿಂತು ಆಪರೇಷನ್ ಮಾಡಿದ ಕಾಲು, ಸ್ವಲ್ಪ ಮೆತ್ತಗೆ ಇಟ್ಕೊಳ್ಳಲಿ ಅಂತ ಕಾಲುಮಣೆ. ಆ ನೀಲಿ ಮಖಮಲ್ಲು ಇದೆಯಲ್ಲ, ಅದರಲ್ಲಿ ಒಂದು ಕವರು ಹೊಲಿದುಕೊಡು."

ಆ ನೀಲಿ ಮಖಮಲ್ಲು ಯಾವುದೋ ದೊಡ್ಡ ಕೆಲಸದಲ್ಲಿ ಉಳಿದ ತುಂಡು; ಅವಳು ತನಗೆಂದೇ ಕಾಗದದಲ್ಲಿ ಸುತ್ತಿ ಎತ್ತಿಟ್ಟದ್ದು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಿದನೋ, ಮರೆತು ಕೇಳಿದನೋ! ಅವಳು ಬಟ್ಟೆ ಕತ್ತರಿಸಿದಳು. ಹೊಲಿಯುವಾಗ ಯಂತ್ರದ ದಾರದ ಬಿಗಿ ಸಡಿಲಿಸಿ, ಉದ್ದುದ್ದ ಹೊಲಿಗೆ ಬಿಟ್ಟಳು. ಹೊರಗಿನಿಂದ ನೋಡಿದರೆ ಬಲು ಅಂದ. ತಿಂಗಳೊಪ್ಪತ್ತು ಕಾಲಿಟ್ಟರೆ ಅಂಚಿಗೆ ಅಂಚು ಬಾಯಿ ಬಿಡಬೇಕು, ಹತ್ತಿ ಹೊರಗೆ ಬರಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವಳು ಬೇಕೆಂದೇ ಕೆಟ್ಟದಾಗಿ ಹೊಲಿದ ಮೊದಲ ಹೊಲಿಗೆ ಅದು. ನಾಚಿಕೆಯಾಯಿತು, ಆದರೂ ಬಿಚ್ಚಲಿಲ್ಲ.

ನಲವತ್ತನೇ ದಿನ ಮೇಸ್ತ್ರಿ ಕೊನೆಯ ಮೊಳೆ ಹೊಡೆದು ಕಾಲುಮಣೆಯನ್ನು ಮೇಜಿನ ಮೇಲಿಟ್ಟ. ಗುರುವಾರ ಕೊನೆಯ ಸಲ ಊದುವುದು, ಸೋಮವಾರ ಆಪರೇಷನ್. ಅವನ ಕಣ್ಣು ತುಂಬಿದಂತಿತ್ತು.

"ಹೊಸ ಜನ್ಮ ಕೊಟ್ಟ ಹಾಗೆ ಕಣೇ ಆ ತಾಯಿ."

"ಮತ್ತೆ ನಾನು?" ಅಂದಳು ಸೂಜಿಯಮ್ಮ. ಕೇಳಬಾರದಿತ್ತು, ಬಾಯಿ ಜಾರಿತು.

"ನೀನೇನು, ನೀನು ಇದ್ದೇ ಇದ್ದೀಯಲ್ಲ," ಅಂದ ಮೇಸ್ತ್ರಿ, ಮಖಮಲ್ಲಿನ ಮೇಲಿನ ಧೂಳು ಊದುತ್ತ.

ಇದ್ದೇ ಇದ್ದೀಯಲ್ಲ! ಗೋಡೆ ಇದ್ದಂತೆ, ಗೋಂದಿನ ಡಬ್ಬ ಇದ್ದಂತೆ. ಅವಳ ತಲೆಗೆ ಏನು ಹೊಕ್ಕಿತೋ, ಅಳತೆ ಹಾಕುತ್ತಿದ್ದ ಟೇಪು, ನೀಲಿ ಸೀಮೆಸುಣ್ಣ ಎಲ್ಲವನ್ನೂ ಅಲ್ಲೇ ಬಿಟ್ಟು ಮೂಲೆಯ ಅಂಗಡಿಗೆ ನಡೆದಳು. ಮೇಸ್ತ್ರಿ ಸೇದುತ್ತಿದ್ದ ಸಿಗರೇಟಿನದೇ ಒಂದು ಪ್ಯಾಕು ಕೇಳಿದಳು.

"ಏನಮ್ಮಾ, ಮೇಸ್ತ್ರಿ ಮತ್ತೆ ಶುರು ಹಚ್ಕೊಂಡ್ರಾ?" ಅಂದ ಅಂಗಡಿಯವನು.

"ಗಿರಾಕಿಗೆ," ಅಂದಳು.

ಅದನ್ನು ತಂದು ಮೊಳೆಯ ಡ್ರಾಯರಿನಲ್ಲಿ, ಅವನ ಕೈ ಮೊದಲು ಹೋಗುವ ಜಾಗದಲ್ಲಿ ಇಟ್ಟಳು. ಅವನು ಸೇದಲಿ ಅಂತಲ್ಲ. ಹಾಗಂತ ತನಗೆ ತಾನೇ ಹೇಳಿಕೊಂಡಳು. ಸುಮ್ಮನೆ ನೋಡಬೇಕಿತ್ತು, ಆ ಡಾಕ್ಟರಮ್ಮನ ಮಾತಿಗೆ ಎಷ್ಟು ಬಲ ಅಂತ. ಒಂದೇ ಒಂದು ಸೇದಲಿ, ಅಂಕಿ ಸ್ವಲ್ಪ ಏರಲಿ, ಆ ಹೆಂಗಸಿನ ಮುಖ ಚಿಕ್ಕದಾಗಲಿ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ, ನಿಜ. ಆ ಗಳಿಗೆಯಲ್ಲಿ ಅವಳಿಗೆ ಗಂಡನ ಕಾಲು ನೆನಪಿಗೇ ಬರಲಿಲ್ಲ.

ನೆನಪಿಗೆ ಬಂದದ್ದು ಮರುದಿನ ಬೆಳಿಗ್ಗೆ. ಡ್ರಾಯರು ಎಳೆದು ನೋಡಿದರೆ ಪ್ಯಾಕು ಇಲ್ಲ. ಮೇಸ್ತ್ರಿ ಎಂದಿನಂತೆ ಮೊಳೆ ಆರಿಸಿಕೊಂಡ. ಹಿಂದಿನ ಮೆಟ್ಟಿಲ ಮೇಲೆ ಹೋಗಿ ಸುಮ್ಮನೆ ಕೂತು ಬಂದ. ಅವಳು ಅಂಗಡಿಯ ನಡುವೆ ನಿಂತಿದ್ದಳು. ಕಾಲಬುಡದಲ್ಲಿ ಅವನ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಅಂಕಿ ಏರಿದರೆ ತಾರೀಖು ಮುಂದಕ್ಕೆ. ನರ ಅಷ್ಟು ದಿನ ಕಾಯುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದನ್ನು ಹದಿನೇಳರಲ್ಲಿ ಒಂದು ಸಲವಾದರೂ ಅವಳು ಕೇಳಿಸಿಕೊಂಡಿದ್ದಳು. ಕಾಲು ಹೋದರೆ ಹೋದದ್ದೇ. ಅವನು ಒಗೆಯಲು ಹಾಕಿದ ಅಂಗಿಯನ್ನು ಮೂಗಿಗೆ ಒತ್ತಿಕೊಂಡಳು. ಗೋಂದಿನ ವಾಸನೆ ಮಾತ್ರ ಬಂತು. ಸಮಾಧಾನವಾಗಲಿಲ್ಲ.

ಗುರುವಾರ, "ನಾನೂ ಬರ್ತೀನಿ," ಅಂದಳು.

"ಹೊಲಿಗೆ?"

"ಹಾಳಾಗಿ ಹೋಗ್ಲಿ ಹೊಲಿಗೆ."

ಡಾಕ್ಟರಮ್ಮನ ಕೋಣೆಯಲ್ಲಿ ಒಂದು ಮೇಜು, ಗೋಡೆಗೆ ಬೆನ್ನುಮೂಳೆಯ ಪ್ಲಾಸ್ಟಿಕ್ ಮಾದರಿ, ಮೂರು ಕುರ್ಚಿ. ಆಕೆ ಐವತ್ತು ದಾಟಿದವಳು, ಕುಳ್ಳಿ, ಕಣ್ಣಿನ ಕೆಳಗೆ ಕಪ್ಪು, ಬೂಟಿನ ಹಿಮ್ಮಡಿ ಸವೆದಿತ್ತು. ಕಾಲು ನಿಜಕ್ಕೂ ನೆಲಕ್ಕೆ ತಾಗುತ್ತಿರಲಿಲ್ಲ. ಸೂಜಿಯಮ್ಮನಿಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಯಿತು. ಚೆಲುವೆಯಾಗಿದ್ದರೆ ಬೈಯುವುದಕ್ಕಾದರೂ ಒಂದು ಕಾರಣ ಸಿಗುತ್ತಿತ್ತು.

ಮೇಸ್ತ್ರಿ ಕಾಲುಮಣೆಯನ್ನು ಮೇಜಿನ ಪಕ್ಕದಲ್ಲಿಟ್ಟು, ಯಂತ್ರ ತೆಗೆದುಕೊಂಡು ಊದಿದ. ಅವಳು ಉಸಿರು ಬಿಗಿಹಿಡಿದಳು, ತಾನೇ ಊದುತ್ತಿರುವಂತೆ.

"ಎರಡು," ಅಂದಳು ಡಾಕ್ಟರಮ್ಮ. "ಶಭಾಷ್ ಮೇಸ್ತ್ರಿ. ಇವರೇನಾ ಮನೆಯವರು? ಬನ್ನಿ, ಇಲ್ಲೊಂದು ಸಹಿ ಹಾಕ್ಬೇಕು ನೀವು."

ಫೈಲಿನ ಮೊದಲ ಹಾಳೆ ತೆರೆದಿತ್ತು. ಮೇಸ್ತ್ರಿಯ ಗುಂಡು ಅಕ್ಷರ. 'ಹಿಂದೆ ಎಂದಾದರೂ ಬಿಟ್ಟಿದ್ದೀರಾ? ಎಷ್ಟು ದಿನ?' ಎಂಬಲ್ಲಿ 'ಒಂದು ಸಲ, ಹತ್ತೊಂಬತ್ತು ದಿನ' ಎಂದಿತ್ತು. 'ಮತ್ತೆ ಶುರುವಾದದ್ದು ಹೇಗೆ?' ಎಂಬಲ್ಲಿ ಬರೆದಿದ್ದ: 'ನನ್ನ ಮನಸ್ಸು ಗಟ್ಟಿ ಇರಲಿಲ್ಲ.'

ಪೆನ್ನು ಹಿಡಿದ ಸೂಜಿಯಮ್ಮನ ಕೈ ನಿಂತಿತು. ಗಟ್ಟಿ ಇತ್ತು. ಹತ್ತೊಂಬತ್ತು ದಿನ ಅವನು ಹಲ್ಲು ಕಚ್ಚಿಕೊಂಡಿದ್ದ. ಗಿರಾಕಿಗಳ ಮೇಲೆ ರೇಗುತ್ತಿದ್ದ, ಅವಳ ಮೇಲೂ ಹರಿಹಾಯುತ್ತಿದ್ದ. ಇಪ್ಪತ್ತನೇ ದಿನ ಅವಳೇ ಒಂದು ಪ್ಯಾಕು ತಂದು ಅವನ ಮುಂದೆ ಎಸೆದು, 'ತಗೊಳ್ಳಿ, ಸೇದಿ, ಮನುಷ್ಯರಾಗಿ,' ಅಂದಿದ್ದಳು. ಅದನ್ನು ಅವಳು ಮರೆತಿರಲಿಲ್ಲ. ನೆನಪಿಸಿಕೊಂಡಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಮೇಸ್ತ್ರಿ ಜೇಬಿನಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟ. ಅದೇ ಪ್ಯಾಕು. ಮೇಲಿನ ಹಾಳೆ ಕೂಡ ಬಿಚ್ಚಿರಲಿಲ್ಲ. "ಕೈಗೆ ಪ್ಯಾಕು ಬಂದ್ರೆ ನಿಮ್ಮ ಡ್ರಾಯರಿಗೇ ತಂದು ಹಾಕ್ತೀನಿ ಅಂತ ಮಾತು ಕೊಟ್ಟಿದ್ದೆನಲ್ಲ, ತಗೊಳ್ಳಿ ಡಾಕ್ಟರಮ್ಮ."

ಡಾಕ್ಟರಮ್ಮನ ಮುಖ ಬಿಗಿಯಾಯಿತು. "ಹೊಸದು ಇದು. ಯಾವಾಗ ಕೊಂಡದ್ದು?"

"ಮೊನ್ನೆ."

"ಯಾರು?"

ಸೂಜಿಯಮ್ಮ ಪ್ಯಾಕನ್ನು ನೋಡಿದಳು. ಅದರ ಎರಡೂ ಪಕ್ಕದಲ್ಲಿ ನೀಲಿ ಸೀಮೆಸುಣ್ಣದ ಬೆರಳಚ್ಚು. ಅಂಗಡಿಯಲ್ಲಿ ಸೀಮೆಸುಣ್ಣ ಮುಟ್ಟುವ ಕೈ ಒಂದೇ. ಮೇಸ್ತ್ರಿಗೆ ಡ್ರಾಯರು ತೆರೆದ ಗಳಿಗೆಯಲ್ಲೇ ಎಲ್ಲ ಗೊತ್ತಾಗಿತ್ತು.

"ನಾನೇ," ಅಂದ ಮೇಸ್ತ್ರಿ. "ಆಸೆ ಆಯ್ತು, ಕೊಂಡೆ. ಸೇದಲಿಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದಳು. "ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ಆಪರೇಷನ್ ವಾರದಲ್ಲೇ ಪ್ಯಾಕು ಕೊಳ್ಳೋರು ಮನೆಗೆ ಹೋದ ಮೂರನೇ ದಿನಕ್ಕೆ ಸೇದ್ತಾರೆ. ತುಂಬ ನೋಡಿದ್ದೀನಿ. ನಾನು ಕಟ್ಟಿದ್ದೆಲ್ಲ ನೀರಲ್ಲಿ ಹೋಮ. ನರಕ್ಕೆ ಅಪಾಯ ಅಂತ ಗೊತ್ತು, ಆದ್ರೂ ಇನ್ನೊಂದು ತಿಂಗಳು ಮುಂದೆ ಹಾಕೋಣ." ಸೋಮವಾರದ ಮೇಲೆ ಗೀಟು ಎಳೆಯಲು ಆಕೆ ಪೆನ್ನು ಎತ್ತಿದಳು. ಮೇಸ್ತ್ರಿ ತಲೆ ತಗ್ಗಿಸಿದ. ಎಡಗಾಲನ್ನು ಕೈಯಿಂದ ಹಿಡಿದು ಸರಿಸಿಕೊಂಡ.

"ಗೀಟು ಹಾಕ್ಬೇಡಿ," ಅಂದಳು ಸೂಜಿಯಮ್ಮ. "ಅವರಲ್ಲ. ಕೊಂಡದ್ದು ನಾನು."

"ಏಯ್, ಸುಮ್ನಿರೇ," ಅಂದ ಮೇಸ್ತ್ರಿ.

"ನೀವು ಸುಮ್ನಿರಿ. ಡಾಕ್ಟ್ರೇ, ನೋಡಿ ನನ್ನ ಬೆರಳು, ಪ್ಯಾಕಿನ ಮೇಲಿರೋ ಅದೇ ನೀಲಿ ಸೀಮೆಸುಣ್ಣ. ನಾನೇ ಕೊಂಡು ಅವರ ಡ್ರಾಯರಿನಲ್ಲಿ ಇಟ್ಟೆ. ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ. ನಾನು ಇಪ್ಪತ್ತೆರಡು ವರ್ಷ ಹೇಳಿದ್ದು ಕೇಳದವರು ನೀವು ಒಂದು ಸಲ ಹೇಳಿದ್ದಕ್ಕೆ ಬಿಟ್ಟರಲ್ಲ, ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ. ಹಿಂದಿನ ಸಲವೂ ಅಷ್ಟೇ. ಅವರ ಮನಸ್ಸು ಗಟ್ಟಿಯಾಗೇ ಇತ್ತು. ತಂದು ಮುಖಕ್ಕೆ ಎಸೆದವಳು ನಾನು."

ಡಾಕ್ಟರಮ್ಮ ಅವಳ ಬೆರಳನ್ನೂ ಪ್ಯಾಕನ್ನೂ ನೋಡಿ ಪೆನ್ನು ಕೆಳಗಿಟ್ಟಳು.

"ನನ್ನ ಮೇಲೆ ಹೊಟ್ಟೆಕಿಚ್ಚಾ?" ಅಂದಳು. ನಗುವುದೋ ಬಿಡುವುದೋ ತಿಳಿಯದ ಮುಖ. "ಅಮ್ಮಾ, ಕತ್ತಿ ಕೈಯಲ್ಲಿ ಹಿಡಿದೋಳ ಮಾತನ್ನ ಮಲಗೋನು ಕೇಳ್ತಾನೆ. ಅದರಲ್ಲಿ ನನ್ನ ದೊಡ್ಡಸ್ತಿಕೆ ಏನಿಲ್ಲ. ಸೋಮವಾರದವರೆಗೆ ನನ್ನ ಮಾತು ನಡೆಯುತ್ತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ? ಮೂಳೆ ಅಂಟೋಕೆ ಇನ್ನೂ ತಿಂಗಳುಗಟ್ಟಲೆ ಬೇಕು. ಆಗ ನಾನು ಇರೋದಿಲ್ಲ, ಬೇರೆಯವರ ಬೆನ್ನಲ್ಲಿ ಇರ್ತೀನಿ. ಅಲ್ಲಿ ಇರೋರು ನೀವು. ಇವರು ರೇಗ್ತಾರೆ, ಕೂಗಾಡ್ತಾರೆ. ಆಗ ಏನು ಮಾಡ್ತೀರಿ?"

"ನಾನೂ ಕೂಗಾಡ್ತೀನಿ. ಪ್ಯಾಕು ಮಾತ್ರ ತರೋದಿಲ್ಲ."

ಡಾಕ್ಟರಮ್ಮ ಸಹಿ ಹಾಕುವ ಜಾಗ ತೋರಿಸಿದಳು. ಸೂಜಿಯಮ್ಮ ಮೊದಲು 'ನನ್ನ ಮನಸ್ಸು ಗಟ್ಟಿ ಇರಲಿಲ್ಲ' ಎಂಬ ಸಾಲನ್ನು ಹೊಡೆದುಹಾಕಿ, ಅದರ ಮೇಲೆ 'ಹೆಂಡತಿ ತಂದುಕೊಟ್ಟಳು' ಅಂತ ಬರೆದು, ಆಮೇಲೆ ಸಹಿ ಹಾಕಿದಳು. ಅಷ್ಟು ಹೊತ್ತಿಗೆ ಡಾಕ್ಟರಮ್ಮ ಕಾಲುಮಣೆಯನ್ನು ಕಾಲಿಂದ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

"ಅದನ್ನ ಈಗ ಬೇಡ," ಅಂದಳು ಸೂಜಿಯಮ್ಮ ಗಾಬರಿಯಿಂದ. "ಒಂದು ಹೊಲಿಗೆ ಬಾಕಿ ಇದೆ. ಸೋಮವಾರ ಕೊಡ್ತೀನಿ."

ಸೋಮವಾರ ಬೆಳಿಗ್ಗೆ ಮೇಸ್ತ್ರಿಯನ್ನು ಒಳಗೆ ಕರೆದೊಯ್ದರು. ಸೂಜಿಯಮ್ಮ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ, ಮಡಿಲಲ್ಲಿ ಕಾಲುಮಣೆ ಇಟ್ಟುಕೊಂಡು ಕೂತಳು. ಪಕ್ಕದಲ್ಲಿ ಅವನ ಎರಡು ಚಪ್ಪಲಿ. ಸೂಜಿಗೆ ಎರಡೆಳೆ ದಾರ ಪೋಣಿಸಿದಳು. ಸಡಿಲು ಹೊಲಿಗೆಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹಾಕಬೇಕೆಂದು ಅಂಚಿನ ದಾರ ಎಳೆದಳು. ದಾರ ಸರಸರ ಬಂತು, ಮಖಮಲ್ಲು ಮಾತ್ರ ಅಲುಗಲಿಲ್ಲ.

ಅಂಚನ್ನು ಉಗುರಿನಿಂದ ಎತ್ತಿ ನೋಡಿದಳು. ಮಡಿಕೆಯ ಒಳಗೆ, ಅವಳು ಸಡಿಲು ಬಿಟ್ಟ ಹೊಲಿಗೆಯ ಉದ್ದಕ್ಕೂ, ಬೆರಳಗಲಕ್ಕೊಂದರಂತೆ ಪುಟ್ಟ ಪುಟ್ಟ ಮೊಳೆಗಳು. ಕಾಲುಮಣೆಗೆ ಮೊಳೆ ಹೊಡೆಯುವುದು ತಳದಲ್ಲಿ. ಆ ಜಾಗದಲ್ಲಿ ಯಾವ ಮೇಸ್ತ್ರಿಯೂ ಹೊಡೆಯುವುದಿಲ್ಲ. ಇಪ್ಪತ್ತೆರಡು ವರ್ಷ ಅವಳ ಹೊಲಿಗೆ ನೋಡಿದವನಿಗೆ ಒಂದು ಹೊಲಿಗೆ ಸುಳ್ಳಾದರೆ ತಿಳಿಯದೆ ಇರುತ್ತದೆಯೇ? ತಿಳಿದೂ ಅವನು ಒಂದು ಮಾತು ಕೇಳಿರಲಿಲ್ಲ. ಹೊರಗೆ ಕಾಣದಂತೆ ಭದ್ರ ಮಾಡಿ, ಅವಳ ಕೆಲಸವೆಂದೇ ಹೊತ್ತುಕೊಂಡು ಹೋಗಿದ್ದ.

ಸೂಜಿಯಮ್ಮನಿಗೆ ಅಳು ಬಂತು. ಎದುರಿನ ಬೆಂಚಿನವರು ನೋಡುತ್ತಿದ್ದರೂ ಜೋರಾಗಿಯೇ ಅತ್ತಳು. ಮೂಗು ಒರೆಸಿಕೊಂಡು ಮೊಳೆಗಳ ಮೇಲೆಯೇ ಒತ್ತೊತ್ತಾಗಿ ಹೊಲಿಯತೊಡಗಿದಳು. ನಾಲ್ಕನೇ ಅಂಚು ಮುಗಿಯುವ ಹೊತ್ತಿಗೆ ಬಾಗಿಲು ತೆರೆದು ಡಾಕ್ಟರಮ್ಮ ಬಂದಳು. ಟೋಪಿಯ ಅಚ್ಚು ಹಣೆಯ ಮೇಲೆ ಕೆಂಪಗೆ ಮೂಡಿತ್ತು.

"ಕಟ್ಟಿದ್ದೀನಿ ಅಮ್ಮಾ. ಎಚ್ಚರ ಆಗಿದೆ, ಹೋಗಿ ಮಾತಾಡಿಸಿ. ಆಗಲೇ ನನ್ನ ಕೇಳಿದ್ರು, ಕಾಲುಮಣೆ ಕೊಟ್ಲಾ ಅಂತ."

ಕಣ್ಣು ಬಿಟ್ಟ ಕೂಡಲೇ ಡಾಕ್ಟರಮ್ಮನ ಕಾಲುಮಣೆಯೇ! ಸೂಜಿಯಮ್ಮನ ಎದೆಯಲ್ಲಿ ಹಳೆಯ ಕಿಡಿ ಚುರ್ ಅಂದಿತು. ದಾರವನ್ನು ಹಲ್ಲಿನಿಂದ ಕಡಿದು, ಕಾಲುಮಣೆಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟಳು.

"ತಗೊಳ್ಳಿ. ಇನ್ನು ಬಿಚ್ಚೋದಿಲ್ಲ," ಅಂದು, ಎರಡೂ ಚಪ್ಪಲಿ ಎತ್ತಿಕೊಂಡು ಒಳಗೆ ಹೋದಳು.